ಡ್ರೈವರಣ್ಣನ ಕಾಫಿಕೋಲು

ಪಾರ್ಸೆಲ್ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಹಳೆಯ ಪೆಟ್ರೋಲು, ಕಾದ ವೈರು, ಧೂಳು... ಅಪ್ಪನ ಹಸಿರು ಕಾರನ್ನು ಮತ್ತೆ ಓಡುವಂತೆ ಮಾಡಬೇಕೆಂದು ಹೊರಟ ಮೇಲೆ ಎಲ್ಲ ಸಿಕ್ಕಿತ್ತು, ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮೀಟರೊಂದನ್ನು ಬಿಟ್ಟು. ಹಳೆಯದು ತುಕ್ಕು ಹಿಡಿದು ಹೋಗಿತ್ತು. ಹಾಸನದ ಗುಜರಿ, ಬೆಂಗಳೂರಿನ ಗುಜರಿ ಜಾಲಾಡಿ ಸುಸ್ತಾದ ಮೇಲೆ ಕೊಯಮತ್ತೂರಿನವರೊಬ್ಬರು ಇದನ್ನು ಕಳಿಸಿದರು. ಕೈಗೆತ್ತಿಕೊಂಡ ಕೂಡಲೇ ನೆನಪಾದದ್ದು ಅಪ್ಪ ಅಲ್ಲ, ನಮ್ಮ ಡ್ರೈವರಣ್ಣ.

ಕಳಸದ ಹತ್ತಿರದ ನಮ್ಮ ತೋಟದಲ್ಲಿ ಆ ಕಾರು ಓಡಿಸುತ್ತಿದ್ದವರು ಅವರು. ಮೀಟರಿನ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಕಾಫಿ ಗಿಡದ ನೆಟ್ಟನೆಯ ಕೋಲೊಂದರ ತೊಗಟೆ ಸುಲಿದು, ಗೆರೆ ಕೊರೆದು, ಸೀಟಿನ ಪಕ್ಕ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಅದನ್ನು ಟ್ಯಾಂಕಿಗಿಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿದ ಮೇಲೆಯೇ ಕಾರು ಹೊರಡುತ್ತಿದ್ದದ್ದು. ಒಂದು ಗೆರೆಗೆ ಕೊಟ್ಟಿಗೆಹಾರ, ಇನ್ನೊಂದಕ್ಕೆ ಬಣಕಲ್, ಮತ್ತೊಂದಕ್ಕೆ ಮೂಡಿಗೆರೆ.

ನಾನಾಗ ಹೊಸದಾಗಿ ಕಾಲೇಜು ಸೇರಿದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೆಳತಿಯರೆದುರು ಟ್ಯಾಂಕಿಗೆ ಕೋಲು ಹಾಕುತ್ತಾರಲ್ಲ ಎಂದು ನನಗೆ ಮರ್ಯಾದೆ ಹೋದ ಹಾಗಾಗುತ್ತಿತ್ತು.

“ಮೀಟರು ಇರೋದ್ಯಾಕೆ ಡ್ರೈವರಣ್ಣ? ಬಿಸಾಡಿ ಆ ಕೋಲನ್ನ.”

“ಇರ್ಲಿ ಬಿಡಮ್ಮ, ಅದರ ಪಾಡಿಗೆ ಅದು ಇರುತ್ತೆ” ಎಂದು ನಕ್ಕರು.

ನಾನು ಬಿಡಲಿಲ್ಲ. ಒಂದು ದಿನ ಕೋಲನ್ನು ತೆಗೆದು ಬಚ್ಚಲೊಲೆಗೆ ಹಾಕಿಬಿಟ್ಟೆ. ಅವರು ಹೊಸ ಕೋಲು ಮಾಡಿಕೊಳ್ಳಲಿಲ್ಲ. ಸಾಹುಕಾರರ ಮಗಳ ಮಾತು ನೋಡಿ...

ಅದಾದ ಮೇಲೆ ಕಾರಿಗೆ ಟೇಪ್‌ರೆಕಾರ್ಡರ್ ಕೂರಿಸುವ ಹುಚ್ಚು ಹತ್ತಿತು. ಒಂದು ಸಂಜೆ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ವೈರುಗಳನ್ನು ಎಳೆದಾಡಿ, ಕೆಂಪು ಇನ್ಸುಲೇಶನ್ ಟೇಪು ಸುತ್ತಿದೆ. ಹಾಡು ಬಂತು. ಮಹಾ ಸಾಧನೆ ಮಾಡಿದವಳಂತೆ ಬೀಗಿದೆ.

ಮರುದಿನ ಬೆಳಿಗ್ಗೆ ಅಜ್ಜಿಗೆ ಎದೆನೋವು. ಅಪ್ಪ ಮನೆಯಲ್ಲಿರಲಿಲ್ಲ; ನಾನೂ ಡ್ರೈವರಣ್ಣನೂ ಅಜ್ಜಿಯನ್ನು ಕರೆದುಕೊಂಡು ಮೂಡಿಗೆರೆ ಆಸ್ಪತ್ರೆಗೆ ಹೊರಟೆವು. ಮೀಟರಿನ ಮುಳ್ಳು ಟ್ಯಾಂಕ್ ತುಂಬಿದೆ ಎಂದು ತೋರಿಸುತ್ತಿತ್ತು. ಹಿಂದಿನ ದಿನ ಕಾರು ಒಯ್ದಿದ್ದ ಅಪ್ಪನೇ ತುಂಬಿಸಿರಬೇಕೆಂದು ಡ್ರೈವರಣ್ಣ ತಿಳಿದರು. ಕೊಟ್ಟಿಗೆಹಾರ ಇನ್ನೂ ದೂರವಿರುವಾಗ, ಕಾಡಿನ ತಿರುವಿನಲ್ಲಿ ಪೆಟ್ರೋಲು ಮುಗಿದು ಕಾರು ನಿಂತಿತು. ಬಸ್ಸು ಬರುವ ಹೊತ್ತಿಗೆ ನನ್ನ ತೊಡೆಯ ಮೇಲಿದ್ದ ಅಜ್ಜಿಯ ಕೈ ತಣ್ಣಗಾಗಿತ್ತು.

“ದಿನಾ ಕೋಲು ಹಾಕಿ ನೋಡ್ತಿದ್ದೆಯಲ್ಲ, ಇವತ್ತೇನಾಗಿತ್ತು ನಿಂಗೆ?” ಸುದ್ದಿ ತಿಳಿದು ಕಾರಿನ ಹತ್ತಿರ ಓಡಿ ಬಂದ ಅಪ್ಪ ಕೂಗಿದರು.

ಡ್ರೈವರಣ್ಣ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕೆಂಪು ಟೇಪು ಅವರಿಗೆ ಕಂಡಿತ್ತು.

“ನಂದೇ ತಪ್ಪು ಸಾವ್ಕಾರ್ರೇ. ನಾನು ನೋಡ್ಬೇಕಿತ್ತು.”

ನಾನು ಬಾಯಿ ಬಿಡಲಿಲ್ಲ. ಅಜ್ಜಿಯ ತಿಥಿ ಮುಗಿಯುವ ಮೊದಲೇ ಅವರು ತೋಟದ ಕೆಲಸದವರ ಲೈನಿನ ಮನೆ ಖಾಲಿ ಮಾಡಿ ಹೋದರು. ಆಗಲೂ ಬಾಯಿ ಬಿಡಲಿಲ್ಲ. ಮುದುಕಿಯನ್ನು ದಾರಿಯಲ್ಲಿ ಸಾಯಿಸಿದವನೆಂದು ಯಾರೂ ಅವರ ಕೈಗೆ ಮತ್ತೆ ಕಾರು ಕೊಡಲಿಲ್ಲವಂತೆ. ಹೊರನಾಡಿನ ಲಾಡ್ಜೊಂದರಲ್ಲಿ ನೀರು ಕಾಯಿಸುವ ಕೆಲಸಕ್ಕಿದ್ದಾರೆಂದು ಕೇಳಿದೆ. ದೇವಸ್ಥಾನಕ್ಕೆ ಹೋದಾಗಲೆಲ್ಲ ಆ ಬೀದಿ ತಪ್ಪಿಸಿ ನಡೆದೆ. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಲೇ ಅವರೂ ಹೋದರು, ಅಪ್ಪನೂ ಹೋದರು. ಈಗ ಆ ಮಾತನ್ನು ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ.

ಮೊನ್ನೆ ಡ್ಯಾಶ್‌ಬೋರ್ಡು ಬಿಚ್ಚಿದೆ. ನನ್ನ ಕೆಂಪು ಟೇಪು ಅಲ್ಲೇ ಇತ್ತು, ಬಣ್ಣ ಮಾತ್ರ ಮಾಸಿತ್ತು. ಅದರ ಪಕ್ಕದಲ್ಲೇ ಮೀಟರಿನ ವೈರು ಸಿಪ್ಪೆ ಸುಲಿದು ತಗಡಿಗೆ ತಾಗಿಕೊಂಡಿತ್ತು. ಹಾಗೆ ತಾಗಿದರೆ ಖಾಲಿ ಟ್ಯಾಂಕನ್ನೂ ಮುಳ್ಳು ತುಂಬಿದೆ ಎಂದೇ ತೋರಿಸುತ್ತದೆ.

ಪಾರ್ಸೆಲಿನಲ್ಲಿ ಬಂದ ಮೀಟರು ಕೂರಿಸಿದೆ. ಮುಳ್ಳು ಸರಿಯಾಗಿಯೇ ಓಡುತ್ತಿದೆ. ಆದರೂ ಹೊರಡಲು ಧೈರ್ಯ ಬರಲಿಲ್ಲ. ಇಳಿದು ಹೋಗಿ, ತೋಟದಿಂದ ಕಾಫಿಕೋಲೊಂದನ್ನು ಕಡಿದು, ತೊಗಟೆ ಸುಲಿದು, ಟ್ಯಾಂಕಿಗೆ ಇಳಿಸಿ ಎತ್ತಿದೆ. ಅರ್ಧದವರೆಗೆ ಒದ್ದೆಯಾಗಿತ್ತು. ಎಷ್ಟು ಒದ್ದೆಯಾದರೆ ಮೂಡಿಗೆರೆ ಮುಟ್ಟಬಹುದು, ಗೆರೆ ಎಲ್ಲಿ ಕೊರೆಯಬೇಕು... ಕತ್ತಿ ಹಿಡಿದು ನಿಂತೇ ಇದ್ದೆ. ಕೋಲು ನೋಡನೋಡುತ್ತಲೇ ಒಣಗಿಹೋಯಿತು.