ಕರೆಂಟ್ ಹೋದಾಗ ನಡೆಯುವ ಮಗ್ಗ

ಹೋದ ತಿಂಗಳು ರಬಕವಿಯ ನಮ್ಮ ಮನೆಯ ನಡುಕೋಣೆಗೆ ಹೊಸ ನೆಲ ಹಾಕಿಸಲು ಅಪ್ಪನ ಕುಣಿಮಗ್ಗವನ್ನು ಬಿಚ್ಚಿಸಬೇಕಾಯಿತು. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು, ಕೈಯಿಂದ ನೇಯುವ ಹಳೆಯ ಮಗ್ಗ ಅದು. ಚೌಕಟ್ಟು ಎತ್ತಿದಾಗ ಕುಣಿಯೊಳಗಿಂದ ನೂಲಿಗೆ ಹಚ್ಚುತ್ತಿದ್ದ ಗಂಜಿಯ ಹುಳಿ ವಾಸನೆ ಬಂತು. ಮೂಲೆಯಲ್ಲಿ ಅಡ್ಡನೂಲು ಹಾಯಿಸುವ ಒಂದು ಲಾಳಿ ಬಿದ್ದಿತ್ತು. ಒರೆಸಿ ಕೈಯಲ್ಲಿ ಹಿಡಿದೆ. ಅಪ್ಪನಿಗಿಂತ ಮೊದಲು ನೆನಪಾದವರು ಎದುರು ಮನೆಯ ಕಾಕಾ...

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಮಿಲಿಟರಿಯಿಂದ ಊರಿಗೆ ಬಂದರು. ಕೈಕಾಲು ಗಟ್ಟಿಯಾಗಿದ್ದವು, ಮೈಮೇಲೆ ಗಾಯದ ಗುರುತಿರಲಿಲ್ಲ. ಮನಸ್ಸಿನ ಕಾಯಿಲೆ ಎಂದು ಅವಧಿಗೆ ಮುಂಚೆಯೇ ಅವರನ್ನು ಮನೆಗೆ ಕಳಿಸಿದ್ದರು. ಆ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದೂ ಬರೆದಿದ್ದರು. ಹಾಗಾಗಿ ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ. ಕಾಕಾ ಅಪೀಲು ಹಾಕಿದರು.

ನಮ್ಮ ಓಣಿಯಲ್ಲಿ ಬೆಳಗಿನಿಂದಲೇ ಪಾವರ್‌ಲೂಮ್‌ಗಳ ಖಟಖಟ. ಬಂದ ಬೀಗರು ಮಾತು ಕೇಳಿಸದೆ ಬೇಸರಪಡುತ್ತಿದ್ದರು. ಕಾಕಾ ಮಾತ್ರ ಆ ಸದ್ದಿನಲ್ಲಿ ನಿರಾಳವಾಗಿರುತ್ತಿದ್ದರು. ಓಣಿಯ ಕೊನೆಯ ಶೆಡ್ಡಿನಲ್ಲಿ ಕೆಲಸಕ್ಕೂ ನಿಂತರು. ತೊಂದರೆಯಾಗುತ್ತಿದ್ದುದು ಕರೆಂಟ್ ಹೋದಾಗ. ಮಗ್ಗಗಳೆಲ್ಲ ಒಮ್ಮೆಲೇ ನಿಂತು ಓಣಿ ಸುಮ್ಮನಾದರೆ ಅವರು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಡುತ್ತಿದ್ದರು. ಉಸಿರಾಡಲಾಗುತ್ತಿರಲಿಲ್ಲ, ಅಂಗಿ ಬೆವರಿನಲ್ಲಿ ತೊಯ್ಯುತ್ತಿತ್ತು. ಗಡಿಯ ಗುಡ್ಡದ ಮೇಲೆ ಗುಂಡಿನ ಸದ್ದು ನಿಂತಿತು, ಇನ್ನು ಮುಗಿಯಿತು ಎಂದು ತಲೆ ಎತ್ತಿದಾಗಲೇ ಮತ್ತೆ ಗುಂಡು ಹಾರಿ ಅವರ ಜೊತೆಗಾರರು ಸತ್ತಿದ್ದರಂತೆ. ಇದನ್ನು ಅವರು ಅಪ್ಪನಿಗೆ ಒಮ್ಮೆ ಹೇಳಿದ್ದರು. ಮತ್ತೆ ಹೇಳಲಿಲ್ಲ.

ಆ ಹೊತ್ತಿಗೆ ಅಪ್ಪ ಪಾವರ್‌ಲೂಮ್ ಹಾಕಿಸಿಕೊಂಡು ಕುಣಿಮಗ್ಗವನ್ನು ಕೊಟ್ಟುಬಿಡುವ ಯೋಚನೆಯಲ್ಲಿದ್ದರು. ಆ ಯೋಚನೆ ಬಿಟ್ಟರು. ಕರೆಂಟ್ ಹೋದೊಡನೆ ಕುಣಿಗಿಳಿದು ನೇಯಲು ಶುರುಮಾಡುತ್ತಿದ್ದರು. ಆ ಸದ್ದಿನ ಜಾಡು ಹಿಡಿದು ಕಾಕಾ ಬಂದು ಕುಣಿಯ ಪಕ್ಕ ಕೂಡುತ್ತಿದ್ದರು. ಯಾಕೆ ಬಂದಿರಿ ಎಂದು ಯಾರೂ ಕೇಳುತ್ತಿರಲಿಲ್ಲ.

“ನಮ್ಮ ಸಾಹೇಬ್ರು ಬಂದ್ರು. ಎಳಿ ಕಡದ್ರ ಕೋರ್ಟ್ ಮಾರ್ಷಲ್ ಮಾಡ್ತಾರ, ನೋಡಿ ನೇಯ್ರಿ,” ಎಂದು ಅವ್ವ ಅಪ್ಪನನ್ನು ಕಾಡಿಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಾಕಾನೂ ನಗುತ್ತಿದ್ದರು.

ಅಪೀಲಿನ ವಿಚಾರಣೆಗೆಂದು ಒಬ್ಬ ಅಧಿಕಾರಿ ಓಣಿಗೆ ಬಂದಾಗ ದೊಡ್ಡ ತಪ್ಪಾಯಿತು. ಕಾಕಾನ ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದಳು. ತಂದೆಗೆ ತಲೆ ಸರಿಯಿಲ್ಲ ಎಂಬ ಮಾತು ಹೊರಬೀಳಬಾರದೆಂದು ಇಡೀ ಓಣಿ ಒಂದೇ ಉತ್ತರ ಕೊಟ್ಟಿತು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಅಪ್ಪ.

“ಅವಗೇನೂ ಆಗಿಲ್ರಿ ಸಾಹೇಬ್ರ. ದಿನಾ ಪಾವರ್‌ಲೂಮಿನ ನಡುವ ಇರ್ತಾನ. ಅಂಜೂದಂದ್ರ ಏನಂತ ಗೊತ್ತಿಲ್ಲ ಅವಗ.”

ಒಬ್ಬ ಸೈನಿಕನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ಅಪ್ಪ ತಿಳಿದಿದ್ದರು. ಕೆಲವು ತಿಂಗಳ ಮೇಲೆ ಅಪೀಲು ವಜಾ ಆಯಿತು. ಇಷ್ಟು ಸದ್ದಿನಲ್ಲಿ ದುಡಿಯುವವನಿಗೆ ಅಂಥ ಕಾಯಿಲೆ ಇರಲಾರದು ಎಂಬುದೇ ಕಾರಣವಾಗಿತ್ತು.

ಕಾಕಾ ನಮ್ಮ ಮನೆಗೆ ಬಂದು ಕೂತರು. ಅಪ್ಪನಿಗೆ ತಲೆ ಎತ್ತಲಾಗಲಿಲ್ಲ.

“ಅಣ್ಣಾ, ಮತ್ತೊಂದು ಅಪೀಲ್ ಹಾಕ್ತೇನಿ. ಈ ಸಲ ನೀ ಖರೆ ಹೇಳಬೇಕು,” ಎಂದರು ಕಾಕಾ.

“ಮಂದಿ ಹುಚ್ಚ ಅಂದಾರೋ ತಮ್ಮಾ. ಮನ್ಯಾಗ ಹುಡಿಗಿ ಐತಿ.”

“ಅಕಿನ್ನ ಕೇಳೇನಿ. ಖರೆ ಕೇಳಿ ಒಲ್ಲೆ ಅನ್ನಾಂವ ನನಗೂ ಬ್ಯಾಡ ಅಂದ್ಲು. ಮಂದಿ ಏನರ ಅನ್ನಲಿ. ಇದು ನನಗ ಅಲ್ಲೇ ಹತ್ತಿದ್ದು. ಅಲ್ಲಿ ಹತ್ತಿದ್ದು ಅಂತ ಅವರು ಬರದು ಕೊಡಬೇಕು. ಬರಿಸೇ ಸಾಯ್ತೇನಿ.”

ಸಾಯುವ ಮಾತನ್ನು ಅವರು ದುಃಖದಿಂದ ಆಡಲಿಲ್ಲ. ನಾಳೆ ಜಮಖಂಡಿಗೆ ಹೋಗಿ ಬರೋಣ ಎನ್ನುವಷ್ಟೇ ಸಹಜವಾಗಿ ಆಡಿದರು.

ನಾನಾಗ ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದೆ. ಕ್ಲಾಸು ಮುಗಿಸಿಕೊಂಡು ವಕೀಲರ ಕೋಣೆಗೆ ಹೋದರೆ ಓಣಿಯ ಹಿರಿಯರೆಲ್ಲ ಒಗೆದ ಧೋತರ ಉಟ್ಟು ಬೆಂಚಿನ ಮೇಲೆ ಕೂತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ, ಕರೆಂಟ್ ಹೋದಾಗ ಏನಾಗುತ್ತದೆ ಎಂದು ಹೇಳಿ ಬಂದರು. ಅಪ್ಪನ ಸರದಿ ಬಂದಾಗ ವಕೀಲರು ಪೆನ್ನು ಕೆಳಗಿಟ್ಟರು.

“ಯಜಮಾನ್ರ, ಅವಾಗ ಹಂಗ ಹೇಳೀರಿ, ಈಗ ಹಿಂಗ. ಯಾವದು ಖರೆ ಅಂತ ಕೇಳಿದ್ರ ನಾ ಏನ್ ಹೇಳ್ಲಿ?”

ಅಪ್ಪ ತಿರುಗಿ ಬಾಗಿಲಲ್ಲಿ ನಿಂತಿದ್ದ ಕಾಕಾನನ್ನು ನೋಡಿದರು.

“ಅವಾಗ ಹೇಳಿದ್ದು ಅವನ ಮರ್ಯಾದಿಗಿ ರೀ. ಈಗ ಹೇಳೂದು ಖರೆ. ಮರ್ಯಾದಿ, ಖರೆ ಎರಡೂ ಒಂದ ಅಂತ ನನಗ ತಡಾಗಿ ತಿಳೀತು.”

ವಕೀಲರು ಅದನ್ನು ಹಾಗೆಯೇ ಬರೆದುಕೊಂಡರು.

ಮತ್ತೆ ವರ್ಷಗಟ್ಟಲೆ ಹಿಡಿಯಿತು. ದೂರದ ಆಸ್ಪತ್ರೆಗಳಲ್ಲಿ ಡಾಕ್ಟರರ ಮುಂದೆ ಕೂತು ಕಾಕಾ ಅದೇ ಗುಡ್ಡದ ಕಥೆ ಹೇಳಬೇಕಾಯಿತು. ಹೇಳಿ ಬಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಆದರೂ ಮುಂದಿನ ತಾರೀಖಿಗೆ ಬೆಳಗಿನ ಮೊದಲ ಬಸ್ಸಿಗೆ ನಿಂತಿರುತ್ತಿದ್ದರು. ಈ ನಡುವೆ ಮಗಳ ಲಗ್ನ ಬನಹಟ್ಟಿಯ ನೇಕಾರರ ಮನೆಗೆ ಆಯಿತು. ಎಲ್ಲ ತಿಳಿದೇ ಆಯಿತು.

ಕೊನೆಗೊಂದು ದಿನ, ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಒಪ್ಪಿ ಆದೇಶ ಬಂತು. ಅವತ್ತು ಪೇಢೆ ಹಂಚುತ್ತಿದ್ದಾಗಲೇ ಕರೆಂಟ್ ಹೋಯಿತು. ಕಾಕಾ ತಟ್ಟೆ ಹಿಡಿದೇ ಗೋಡೆಗೆ ಬೆನ್ನು ಹಚ್ಚಿದರು. ಅಪ್ಪ ಬಾಯಲ್ಲಿ ಪೇಢೆ ಇಟ್ಟುಕೊಂಡೇ ಕುಣಿಗಿಳಿದರು. ಆದೇಶ ಬಂದರೂ ಕಾಯಿಲೆ ಹೋಗಿರಲಿಲ್ಲ... ಆದರೆ ಅವತ್ತಿನಿಂದ ಕಾಕಾ ಯಾರ ಎದುರಿಗೂ ಅದನ್ನು ಮುಚ್ಚಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಕಾಕಾ ಎದೆನೋವಿನಿಂದ ತೀರಿಕೊಂಡರು. ಓಣಿಯಲ್ಲಿ ಯಾರಾದರೂ ಸತ್ತರೆ ಮಣ್ಣು ಮುಗಿಯುವವರೆಗೆ ಮಗ್ಗಗಳನ್ನು ನಿಲ್ಲಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಸುದ್ದಿ ಕೇಳಿ ಒಂದೊಂದೇ ಶೆಡ್ಡು ಸುಮ್ಮನಾಗತೊಡಗಿತು. ಹೆಣದ ಪಕ್ಕದಲ್ಲಿ ಕೂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ತಲೆ ಎತ್ತಿದಳು.

“ನಿಲ್ಲಸಬ್ಯಾಡ್ರಿ,” ಎಂದಳು. “ಅವರು ಓಣಿ ದಾಟೂತನಕ ನಿಲ್ಲಸಬ್ಯಾಡ್ರಿ.”

 ಮಗ್ಗಗಳು ಮತ್ತೆ ಶುರುವಾದವು. ಆ ಖಟಖಟದ ನಡುವೆ ಕಾಕಾನನ್ನು ಹೊತ್ತು ನಡೆದರು. ಅಪ್ಪ ಹೆಗಲು ಕೊಡಲು ಹೋಗಲಿಲ್ಲ. ಕರೆಂಟಿನ ಭರವಸೆ ಇಲ್ಲವೆಂದು ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದರು.

ಈಗ ಅಪ್ಪನೂ ಇಲ್ಲ. ನೆಲ ಹಾಕಲು ಬಂದ ಗೌಂಡಿಗಳು ಮಣ್ಣು ತಂದು ಕುಣಿಯನ್ನು ಮುಚ್ಚಿದರು. ಅವತ್ತು ಮಧ್ಯಾಹ್ನ ಕರೆಂಟ್ ಹೋಯಿತು, ಓಣಿ ಒಮ್ಮೆಲೇ ಸುಮ್ಮನಾಯಿತು. ಲಾಳಿ ನನ್ನ ಕೈಯಲ್ಲೇ ಇತ್ತು. ಎದುರು ಮನೆಯ ಬಾಗಿಲನ್ನು ನೋಡಿದೆ. ಯಾರೂ ಎದ್ದು ಬರಲಿಲ್ಲ... ಕರೆಂಟ್ ಬರುವವರೆಗೆ ಲಾಳಿಯನ್ನು ಬಾಗಿಲ ಕಟ್ಟಿಗೆಗೆ ಮೆಲ್ಲಗೆ ಬಡಿಯುತ್ತ ಕೂತೆ.