ಕಾಗೆಯಿಲ್ಲದ ದ್ವೀಪದಲ್ಲಿ ಎಡೆ

“ಪರವಾಗಿಲ್ಲ, ನಿಮಗೆ ಮರೆವಿನ ಕಾಯಿಲೆಯಂತೆ, ನಿಮ್ಮ ಮಗಳು ಹೇಳಿದಳು” ಎಂದು ಗೆಸ್ಟ್‌ಹೌಸಿನ ಒಡತಿ ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈ ತಟ್ಟಿದಾಗ ನನಗೆ ಮೈಯೆಲ್ಲ ಉರಿಯಿತು. ಆಗ ಜರ್ಮನಿ ಐಟಿಯವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿದ್ದ ಮಗಳು ರಜೆಗೆಂದು ಉತ್ತರದ ಆ ಪುಟ್ಟ ದ್ವೀಪಕ್ಕೆ ಕರೆದೊಯ್ದಿದ್ದಳು. ಅಂದು ನನ್ನ ಯಜಮಾನರ ತಿಥಿ. ಒಂದು ಕಾಗೆಯೂ ಕಾಣದೆ, ಕಡಲಹಕ್ಕಿಗಳಿಗೇ ಅನ್ನವಿಟ್ಟೆ. ಅಲ್ಲಿ ಹಕ್ಕಿಗಳಿಗೆ ತಿನ್ನಲು ಹಾಕುವುದು ಸ್ಟ್ರಿಕ್ಟಾಗಿ ನಿಷಿದ್ಧವೆಂದು ನನಗೆ ಗೊತ್ತಿರಲಿಲ್ಲ.

“ತಿಥಿ ಅಂತ ಹೇಳೋಕೆ ನಾಚಿಕೆಯೇನೇ?” ಎಂದು ಮಗಳನ್ನು ಕೇಳಿದೆ.

“ಅಮ್ಮಾ, ಇವರಿಗೆಲ್ಲ ಎಲ್ಲಿಂದ ಎಕ್ಸ್‌ಪ್ಲೇನ್ ಮಾಡ್ಲಿ? ಸುಮ್ನಿರು.”

ನಾನು ಸುಮ್ಮನಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಡತಿಗೆ ಎಲ್ಲ ಹೇಳಿದೆ. ಎರಡೇ ನಿಮಿಷ ಸಾಕಾಯಿತು.

ರೂಲ್ ಮುರಿದದ್ದು ನನ್ನ ತಪ್ಪೇ. ಆದರೆ ಅಪ್ಪನ ತಿಥಿಯೆಂದು ಹೇಳುವುದಕ್ಕಿಂತ ಅಮ್ಮನಿಗೆ ಮರೆವು ಎನ್ನುವುದೇ ಅವಳಿಗೆ ಈಸಿಯಾಯಿತಲ್ಲ, ಆ ಸಿಟ್ಟು ಇವತ್ತಿಗೂ ಆರಿಲ್ಲ.