ಯಾತ್ರೆ ಬಸ್ಸು ದ್ರಾಕ್ಷಿ ತೋಟಕ್ಕೆ ತಿರುಗಿದ ದಿನ

ಇದು ನಡೆದದ್ದು ಹೋದ ವರ್ಷ ಫೆಬ್ರವರಿಯಲ್ಲಿ. ಅಷ್ಟೇನೂ ಹಳೆಯದಲ್ಲ. ಆದರೂ ನಮ್ಮ ಮನೆಯಲ್ಲಿ ನಾನು ಹೇಳುವುದೇ ಬೇರೆ, ನನ್ನ ಗಂಡ ಪ್ರಕಾಶ್ ಹೇಳುವುದೇ ಬೇರೆ, ಅತ್ತೆ ಹೇಳುವುದಂತೂ ಪೂರ್ತಿ ಬೇರೆ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬರೇ ಹೇಳಿದ ಸಾಕ್ಷ್ಯವನ್ನು ಪೂರ್ತಿ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವಳು. ನಾನು ಬರೆಯುವುದನ್ನೂ ಅದೇ ಎಚ್ಚರದಿಂದ ಓದಿ. ದಿನವೂ ಡೈರಿ ಬರೆಯುವ ಅಭ್ಯಾಸವಿದೆ, ನಿಜ. ಆದರೆ ಆ ದಿನದ ಪುಟ ತೆಗೆದರೆ ಅರ್ಧಕ್ಕಿಂತ ಹೆಚ್ಚು ಬೆಳಗಿನ ಉಪ್ಪಿಟ್ಟಿನ ವಿಷಯವೇ ಇದೆ. ಮುಖ್ಯವಾದದ್ದು ಯಾವುದು ಎಂದು ಅದು ನಡೆಯುವ ದಿನ ನನಗೆ ಗೊತ್ತಾಗುವುದೇ ಇಲ್ಲ.

ಎಲ್ಲ ಶುರುವಾದದ್ದು ನನ್ನ ಒಂದು ಆಸೆಯಿಂದ. ನಾಸಿಕ್ ಕಡೆ ದ್ರಾಕ್ಷಿ ತೋಟಗಳ ನಡುವೆಯೇ ವೈನ್ ತಯಾರಿಸುತ್ತಾರೆ, ಬಂದವರಿಗೆ ಒಂದೊಂದೇ ಗುಟುಕು ಕೊಟ್ಟು ರುಚಿ ತೋರಿಸುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಫೋಟೊ ತೋರಿಸಿದ್ದರು. ಗುಡ್ಡದ ಬುಡದಲ್ಲಿ ಸಾಲು ಸಾಲು ಬಳ್ಳಿ, ಕೈಯಲ್ಲಿ ಉದ್ದ ಕಾಲಿನ ಲೋಟ. ಅದು ಕುಡಿಯುವ ಚಪಲವಾಗಿರಲಿಲ್ಲ, ಅಥವಾ ಆಗಿರಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ರೋಮನ್ನರ ವೈನ್ ವ್ಯಾಪಾರದ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ, "ಮೇಡಂ, ಅದರ ರುಚಿ ಹೆಂಗಿರುತ್ತೆ?" ಎಂದು ಕೇಳಿದಾಗ ಇಡೀ ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪುಟ ತಿರುಗಿಸಿದೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ನಲವತ್ತು ತುಂಬುವುದರೊಳಗೆ ಒಮ್ಮೆ ಬಳ್ಳಿಯ ಪಕ್ಕದಲ್ಲೇ ನಿಂತು ರುಚಿ ನೋಡಬೇಕು ಎನ್ನಿಸಿತು.

ಖರ್ಚು ನೋಡಿದರೆ ನಮ್ಮ ಕೈಗೆ ಮೀರಿದ್ದು. ಅಲ್ಲಿ ತೋಟದೊಳಗೆ ಒಂದು ರಾತ್ರಿ ತಂಗಲು ಕೇಳುವ ದುಡ್ಡಿನಲ್ಲಿ ನಮ್ಮ ಮನೆಯ ತಿಂಗಳ ಕಿರಾಣಿ ಸಾಮಾನು ಬಂದು ಇನ್ನೂ ಉಳಿಯುತ್ತಿತ್ತು. ನಾನು ಅದನ್ನು ಒಂದು ಸಂಶೋಧನೆಯ ಹಾಗೆ ಹಚ್ಚಿಕೊಂಡೆ. ಶನಿವಾರ, ಭಾನುವಾರ ಹೋಗಬಾರದು. ಊಟ ಅಲ್ಲಿ ಮಾಡಬಾರದು. ವೈನ್ ಜೊತೆ ಕೊಡುವ ಚೀಸ್ ತಟ್ಟೆ ಮುಟ್ಟಬಾರದು. ರುಚಿ ನೋಡಲು ಇಬ್ಬರಿಗೂ ಸೇರಿ ಒಂದೇ ಟಿಕೆಟ್ ತೆಗೆದುಕೊಂಡು ಒಂದೇ ಲೋಟದಲ್ಲಿ ಹಂಚಿಕೊಳ್ಳಬೇಕು. ಇಷ್ಟು ಮಾಡಿದರೂ ಹೋಗಿ ಬರುವ ಖರ್ಚು ಮತ್ತು ವಸತಿಯದ್ದೇ ಭಾರ.

ದಾರಿ ಕಂಡುಹಿಡಿದದ್ದು ಪ್ರಕಾಶ್. ಅವರದು ಹರಿಹರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಸುತ್ತಲಿನ ಹಳ್ಳಿಯ ರೈತರೆಲ್ಲ ಗುರುತು. ಅಂಗಡಿಗೆ ಬರುವ ಬಸಣ್ಣ ಎಂಬವರು ವರ್ಷಕ್ಕೊಮ್ಮೆ ಯಾತ್ರೆ ಬಸ್ಸು ಹೊರಡಿಸುತ್ತಾರೆ. ಅಡುಗೆಯವರು, ಒಲೆ, ಅಕ್ಕಿ, ಬೇಳೆ ಎಲ್ಲ ಬಸ್ಸಿನಲ್ಲೇ. ಮಲಗುವುದು ಛತ್ರದಲ್ಲಿ. ಆ ಸಲದ ದಾರಿ ಪಂಢರಪುರ, ಶಿರಡಿ, ನಾಸಿಕ್, ತ್ರ್ಯಂಬಕ. ನಾಸಿಕ್‌ನಲ್ಲಿ ಅರ್ಧ ದಿನ ಬಿಡುವು.

"ವೈನ್ ರುಚಿ ನೋಡೋಕೆ ದೇವರ ಬಸ್ಸಲ್ಲಿ ಹೋಗೋದಾ?" ಎಂದೆ.

"ಬಸ್ಸು ದೇವರದ್ದಲ್ಲ, ಬಸಣ್ಣಂದು. ನಾವು ದೇವರನ್ನೂ ನೋಡೋಣ. ಅರ್ಧ ದಿನ ಮಾತ್ರ ನಿನ್ನ ಲೆಕ್ಕ," ಎಂದರು.

ನಾವು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅತ್ತೆಯನ್ನು. ಅತ್ತೆ ಗೌರಮ್ಮ ನಮ್ಮ ಜೊತೆಯಲ್ಲೇ ಇರುವವರು, ತವರು ಭಾನುವಳ್ಳಿ. ಕುಡಿತದ ಹೆಸರೆತ್ತಿದರೆ ಆಗುವುದಿಲ್ಲ. ಒಮ್ಮೆ ಮದುವೆ ಊಟ ಮುಗಿಸಿ, ಸ್ವಲ್ಪ ಹಾಕಿಕೊಂಡು ಬಂದ ನೆಂಟರೊಬ್ಬರು ನಮ್ಮ ಮನೆಯಲ್ಲಿ ಕೂತು ಹೋದ ಮೇಲೆ, ಆ ಕುರ್ಚಿಯನ್ನು ಅಂಗಳಕ್ಕೆ ತಂದು ತಿಕ್ಕಿ ತೊಳೆದಿದ್ದರು. ನಾವು ಬಸ್ಸಿನ ಮಾತಾಡಿಕೊಂಡ ದಿನವೇ ರಾತ್ರಿ ಊಟಕ್ಕೆ ಕೂತಾಗ ಅವರೇ ಕೇಳಿದರು: "ಯಾತ್ರೆಗೆ ಹೊಂಟೀರಂತೆ? ನನಗೂ ಒಂದು ಸೀಟು ಹಿಡೀರಿ."

ಇಲ್ಲ ಎನ್ನುವುದು ಹೇಗೆ? ಮರುದಿನದಿಂದಲೇ ಫೋನಿನಲ್ಲಿ ಭಾನುವಳ್ಳಿಗೆಲ್ಲ ಸುದ್ದಿ ಹೋಯಿತು: "ನಮ್ ಸೊಸೆ ಈಗ ದೇವ್ರ ಕಡೆ ತಿರುಗ್ಯಾಳೆ ಕಣೇ. ಓದಿದಾಕಿ, ಇನ್ನೇನು ತಿರುಗಲ್ಲ ಅನ್ಕಂಡಿದ್ದೆ." ಅವರ ದನಿಯಲ್ಲಿದ್ದ ಖುಷಿ ಕೇಳಿ ಅಡುಗೆಮನೆಯಲ್ಲಿ ನನ್ನ ಕೈ ನಿಂತುಹೋಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನ್ನ ಬಗ್ಗೆ ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು. ಆ ಹೆಮ್ಮೆ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ವೈನ್ ಆಸೆ ಬಿಡಲೂ ಇಷ್ಟವಿರಲಿಲ್ಲ.

ಬೇಸಿಗೆ ಭತ್ತದ ನಾಟಿ ಮುಗಿದಿತ್ತು. ಹರಿಹರದ ದೇವಸ್ಥಾನದ ಮುಂದೆ ಬಸ್ಸು ಹತ್ತಿದವರಲ್ಲಿ ಹೆಚ್ಚಿನವರು ಬಿಡುವಾದ ರೈತರು ಮತ್ತು ಅವರ ಹೆಂಡಂದಿರು. ಬಸ್ಸಿನ ಮುಂದೆ ಬಾಳೆಕಂಬ, ಹೂವಿನ ಹಾರ, ಒಳಗೆ ಭಜನೆಯ ಸ್ಪೀಕರ್. ಅತ್ತೆ ಹತ್ತಿದವರೇ ಕಿಟಕಿ ಪಕ್ಕದ ಸೀಟಿಗೆ ಹೋಗಿ ಕೂತರು. ಅಲ್ಲಿ ಮೊದಲೇ ಟವೆಲ್ ಹಾಕಿದ್ದ ಹೆಂಗಸು ಜಗಳ ತೆಗೆದಾಗ, "ನನಗೆ ಬಸ್ಸಾಗೆ ವಾಂತಿ ಬರತೈತವ್ವ. ನಿನ್ ಸೀರೆ ಮ್ಯಾಲೆ ಮಾಡ್ಕಂತೀನಿ, ನೋಡು ಮತ್ತೆ," ಎಂದರು. ಆಕೆ ಟವೆಲ್ ಎತ್ತಿಕೊಂಡು ಹಿಂದೆ ಹೋದಳು. ಅತ್ತೆಗೆ ವಾಂತಿಯಾಗಿದ್ದು ನಾನು ಎಂದೂ ಕಂಡಿರಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡೆ.

ದಾರಿಯುದ್ದಕ್ಕೂ ಎಲ್ಲರೂ ಭಜನೆ ಹಾಡಿದರು, ನಿದ್ದೆ ಮಾಡಿದರು. ಅತ್ತೆ ಎರಡೂ ಮಾಡಲಿಲ್ಲ. ದೇವಸ್ಥಾನಗಳಲ್ಲಿ ಮಾತ್ರ ಎಲ್ಲರಿಗಿಂತ ಮೊದಲು ಕೈ ಮುಗಿದು, "ಆತು, ದೇವ್ರು ನೋಡ್ದ ನಮ್ಮನ್ನ, ನಡೀರಿ," ಎಂದು ಬಸ್ಸಿಗೆ ವಾಪಸಾಗುತ್ತಿದ್ದರು.

ನಾಸಿಕ್‌ನ ಛತ್ರದ ಅಂಗಳದಲ್ಲಿ ಉಪ್ಪಿಟ್ಟು ತಿಂದ ಮೇಲೆ ಬಸಣ್ಣ ಕೂಗಿ ಹೇಳಿದರು: "ಮಧ್ಯಾಹ್ನದ ತನಕ ಬಿಡುವು ಐತೆ. ಯಾರಿಗೆ ಏನ್ ಬೇಕೋ ಮಾಡ್ಕರ್ರಿ." ನಾವು ಮೆಲ್ಲಗೆ ಗೇಟಿನ ಕಡೆ ನಡೆದೆವು. ಅಷ್ಟರಲ್ಲಿ ಕೊಕ್ಕನೂರಿನ ರೈತ ಹಾಲೇಶಪ್ಪನವರು ಎದುರಾದರು.

"ಏನ್ ಪ್ರಕಾಶಣ್ಣ, ಇಸ್ತ್ರಿ ಅಂಗಿ ಹಾಕ್ಕಂಡು ಗಂಡ ಹೆಂಡ್ತಿ ಕಳ್ಳರಂಗೆ ಎಲ್ಲಿಗೆ ಹೊಂಟ್ರಿ?"

ಮಾರ್ಕೆಟ್ಟಿಗೆ ಎನ್ನಬಹುದಿತ್ತು. ಔಷಧಿ ಅಂಗಡಿಗೆ ಎನ್ನಬಹುದಿತ್ತು. ನನ್ನ ಗಂಡ ಹೇಳಿದ್ದು, "ಇಲ್ಲೇ ಒಂದು ದ್ರಾಕ್ಷಿ ತೋಟ ನೋಡಾಕೆ."

ಬಸ್ಸಿನ ತುಂಬ ರೈತರಿರುವಾಗ, ಪರ ಊರಿನಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ ತೋಟ ಎಂಬ ಮಾತು ಆಡಬಾರದು. ಹಾಲೇಶಪ್ಪನವರ ಕಣ್ಣರಳಿತು. "ನಾಸಿಕ್ ದ್ರಾಕ್ಷಿನಾ? ತಡೀರಿ, ಚಪ್ಲಿ ಹಾಕ್ಕಂತೀನಿ. ಏ, ಬರ್ರೋ, ದ್ರಾಕ್ಷಿ ತ್ವಾಟ ನೋಡಾಕೆ ಹೊಂಟಾರೆ!" ಛತ್ರದ ಒಂದೊಂದೇ ಕೋಣೆಯಿಂದ ಜನ ಹೊರಗೆ ಬಂದರು. ಹೆಂಗಸರು ಕೈಚೀಲ ಹಿಡಿದೇ ಬಂದರು, ಹಣ್ಣು ಅಗ್ಗಕ್ಕೆ ಸಿಗುತ್ತದೆಂದು. ಬಸಣ್ಣ, "ಎಲ್ರೂ ಹೋಗಾದಾದ್ರೆ ಬಸ್ಸೇ ತಗಂಡು ಹೋಗಾನ ಬಿಡ್ರಿ," ಎಂದರು. ಅತ್ತೆ ಆಗಲೇ ಕಿಟಕಿ ಪಕ್ಕ ಕೂತಾಗಿತ್ತು.

ಪ್ರಕಾಶ್ ನನ್ನ ಕಿವಿಯಲ್ಲಿ, "ಆಟೋ ಖರ್ಚೂ ಉಳೀತು ನೋಡು," ಎಂದರು. ಅವರನ್ನು ಚಿವುಟಿದ ನೆನಪು ನನಗಿದೆ. ಚಿವುಟಲಿಲ್ಲ, ಗುದ್ದಿದೆ ಎಂದು ಅವರ ವಾದ.

ಬಾಳೆಕಂಬ ಕಟ್ಟಿದ ಬಸ್ಸು ಭಜನೆ ಹಾಡುತ್ತ ಆ ತೋಟದ ಗೇಟಿಗೆ ಬಂದು ನಿಂತಾಗ ಕಾವಲುಗಾರ ಬಾಯಿ ತೆರೆದು ನೋಡಿದ. ವಾರದ ನಡುವಿನ ಬೆಳಿಗ್ಗೆ, ಬೇರೆ ಗಿರಾಕಿಗಳೇ ಇರಲಿಲ್ಲ. ತೋಟ ತೋರಿಸುವ ಹುಡುಗಿ ಓಡಿ ಬಂದಳು. ಹಿಂದಿಯಲ್ಲಿ ಮಾತಾಡಿದಳು. ನನಗೆ ಹಿಂದಿ ಬರುತ್ತದೆ ಎಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಬಳ್ಳಿ ನೋಡಲು ದುಡ್ಡಿಲ್ಲ, ಹಣ್ಣು ಮಾತ್ರ ಕೀಳಬಾರದು ಎಂದಳು. ಅಷ್ಟು ಸಾಕಿತ್ತು ನಮ್ಮವರಿಗೆ. ಹಾಲೇಶಪ್ಪನವರು ಮಣ್ಣು ಮುಟ್ಟಿ ನೋಡಿದರು. ಹನಿ ನೀರಾವರಿ ಎಷ್ಟು ಹೊತ್ತು, ಔಷಧಿ ಎಷ್ಟು ಸಲ, ಕಂಬ ಕಲ್ಲಿನದೋ ಕಬ್ಬಿಣದ್ದೋ ಎಂದು ಕೇಳಿದರು. ನಾನು ಕನ್ನಡದಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಸಾಗಿಸುತ್ತಲೇ ಇದ್ದೆ. ಇಷ್ಟರಲ್ಲೇ ಮುಗಿದು ವಾಪಸಾದರೆ ಸಾಕು, ನನ್ನ ಆಸೆ ಹಾಳಾಗಿ ಹೋಗಲಿ ಎಂದುಕೊಂಡೆ.

ಮುಗಿಯಲಿಲ್ಲ. ಹುಡುಗಿ ನಮ್ಮನ್ನು ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳ ಕೋಣೆಗೆ ಕರೆದೊಯ್ದಳು. ಬಾಗಿಲಲ್ಲೇ ಹುಳಿ ಬಂದ ಹಣ್ಣಿನ ವಾಸನೆ. ಅತ್ತೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ನಿಂತರು.

"ಏನ್ ಮಾಡ್ತಾರೆ ಇಲ್ಲಿ?"

ಹುಡುಗಿ ಉತ್ಸಾಹದಿಂದ ವಿವರಿಸಿದಳು. ಎಲ್ಲರೂ ನನ್ನ ಮುಖ ನೋಡಿದರು. ಪ್ರಕಾಶ್, "ಅದೂ... ಜ್ಯೂಸ್ ಥರ..." ಎಂದು ಶುರು ಮಾಡಿದರು. ಆ ಮಾತನ್ನೇ ಮುಂದುವರಿಸಬಹುದಿತ್ತು. ಅಲ್ಲಿ ಹಿಂದಿ ಬರುವವಳು ನಾನೊಬ್ಬಳೇ ಎಂದೇ ಎಲ್ಲರೂ ನಂಬಿದ್ದರು. ಆದರೆ ಅತ್ತೆ ಯಾರ ಕಡೆಯೂ ನೋಡದೆ ನನ್ನನ್ನೇ ನೋಡುತ್ತಿದ್ದರು.

"ವೈನ್ ಮಾಡ್ತಾರೆ ಅತ್ತೆ. ದ್ರಾಕ್ಷಿ ಹುದುಗಿಸಿ. ಕುಡಿದರೆ ಅಮಲು ಬರೋ ಅಂಥದ್ದೇ," ಎಂದೆ.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅತ್ತೆ ನನ್ನ ಮೊಣಕೈ ಹಿಡಿದು ಹೊರಗೆ ಬಳ್ಳಿಯ ಸಾಲಿಗೆ ಕರೆದುಕೊಂಡು ಹೋದರು.

"ಇದಕ್ಕೇ ಬಂದಿದ್ದಾ ನೀನು?"

"ಹೌದು ಅತ್ತೆ. ಒಂದ್ಸಲ ರುಚಿ ನೋಡಬೇಕು ಅಂತ ಆಸೆ ಇತ್ತು. ಯಾತ್ರೆ ಬಸ್ಸಲ್ಲಿ ಬಂದ್ರೆ ಖರ್ಚು ಕಡಿಮೆ ಅಂತ."

"ದೇವ್ರಿಗೆ ಅಲ್ಲ?"

"ಅಲ್ಲ."

ಅವರು ಗುಡ್ಡದ ಕಡೆ ನೋಡುತ್ತ ನಿಂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಆಮೇಲೆ ಅವರೆಂದದ್ದು, "ನನಗೆ ವಾಂತಿ ಬರಲ್ಲ."

ನನಗೆ ಅರ್ಥವಾಗಲಿಲ್ಲ.

"ಬಸ್ಸಾಗೆ ವಾಂತಿ ಬರತೈತೆ ಅಂದ್ನಲ್ಲ, ಬರಲ್ಲ. ಯಾವತ್ತೂ ಬಂದಿಲ್ಲ. ನನಗೆ ಕಿಟಕಿ ಬೇಕಾಗಿತ್ತು. ದೇವ್ರು ನಮ್ ಹರಿಹರದಾಗೂ ಅದಾನೆ. ಊರು ನೋಡಬೇಕಿತ್ತು ನನಗೆ. ಊರು ನೋಡಾಕೆ ಹೋಗ್ತೀನಿ ಅಂದ್ರೆ ಹೆಂಗಸರನ್ನ ಯಾರು ಕಳಸ್ತಾರೆ ಹೇಳು?"

ಮೊದಲು ನಕ್ಕವರು ಯಾರೋ ತಿಳಿಯದು. ಇಬ್ಬರೂ ಬಳ್ಳಿಯ ಕಂಬ ಹಿಡಿದುಕೊಂಡು ನಕ್ಕೆವು. ಅಂಥ ನಗು ನಮ್ಮಿಬ್ಬರ ನಡುವೆ ಅದುವರೆಗೆ ಬಂದಿರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಎಂದಿನ ದನಿಯಲ್ಲಿ ಹೇಳಿದರು: "ಆ ಲೋಟ ನನ್ನ ಹತ್ರ ತರಬ್ಯಾಡ. ಕುಡಿದು ನನ್ನ ಪಕ್ಕ ಕೂರಬ್ಯಾಡ. ಬ್ಯಾಗ ಮುಗಿಸು, ಇವರನ್ನ ನಾನು ನೋಡ್ಕಂತೀನಿ." ಹೋಗಿ ಚಪ್ಪಾಳೆ ತಟ್ಟಿ, "ಬರ್ರಿ, ಬರ್ರಿ, ಆ ನೀರಿನ ಹೊಂಡ ನೋಡಾನ," ಎಂದು ಇಡೀ ಗುಂಪನ್ನು ಇಳಿಜಾರಿಗೆ ಹೊರಡಿಸಿದರು.

ಹಾಲೇಶಪ್ಪನವರಿಗೆ ಮಾತ್ರ ಕಾಲು ಏಳಲಿಲ್ಲ. "ನಾನು ಇಲ್ಲೇ ಇರ್ತೀನಿ ಗೌರಕ್ಕ. ಮೊಣಕಾಲು ನೋವು."

"ಹೊಂಡದ ಗಾಳಿ ಮೊಣಕಾಲಿಗೆ ಒಳ್ಳೇದು. ನಡಿ."

ನಡೆದರು, ಹಿಂದೆ ತಿರುಗಿ ನೋಡುತ್ತಲೇ.

ನಾವು ಮೇಲಿನ ಜಗಲಿಯಲ್ಲಿ ಒಂದೇ ಟಿಕೆಟ್ ತೆಗೆದುಕೊಂಡು ಕೂತೆವು. ಲೋಟ ಓರೆ ಮಾಡಿ ಬಣ್ಣ ನೋಡಿ, ಅಲುಗಿಸಿ, ಮೂಸಿ, ಆಮೇಲೆ ಗುಟುಕು ಎಂದು ಹುಡುಗಿ ಕಲಿಸಿದಳು. ಮೊದಲನೆಯದು ಮಾವಿನ ಮಿಡಿಯ ಹುಳಿ, ನನ್ನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೆಂಪನೆಯದು ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಚೀಸ್ ಬೇಕೇ ಎಂದಳು, ಬೇಡವೆಂದೆವು. ಪ್ರಕಾಶ್ ಚೀಲದಿಂದ ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚಿದರು. ಹೊರಗಿನ ತಿಂಡಿ ತರಬಾರದೆಂಬ ಫಲಕ ಅವರ ತಲೆಯ ಮೇಲೇ ಇತ್ತು. ಹುಡುಗಿ ಫಲಕ ನೋಡಿದಳು, ಮಂಡಕ್ಕಿ ನೋಡಿದಳು, ಅತ್ತಿತ್ತ ನೋಡಿ ಅಂಗೈ ಚಾಚಿದಳು. ಆಮೇಲೆ ಇನ್ನೊಮ್ಮೆ ಚಾಚಿದಳು.

ಕೊನೆಯದು ಸಿಹಿಯಾಗಿತ್ತು, ನನಗೆ ಇಷ್ಟವಾಯಿತು ಎಂದು ನೆನಪು. ಇಲ್ಲ, ನೀನು ಹೊಗಳಿದ್ದು ಕೆಂಪನೆಯದನ್ನು ಎನ್ನುತ್ತಾರೆ ಪ್ರಕಾಶ್. ಡೈರಿಯಲ್ಲಿ "ಚೆನ್ನಾಗಿತ್ತು" ಎಂದಷ್ಟೇ ಇದೆ. ಅದು ಉಪ್ಪಿಟ್ಟಿಗೆ ಬರೆದದ್ದೂ ಇರಬಹುದು. ನನಗೆ ಅನುಮಾನವಿಲ್ಲದೆ ನೆನಪಿರುವುದು ಜಗಲಿಯಿಂದ ಕಂಡದ್ದು. ಕೆಳಗೆ ಹೊಂಡದ ಏರಿಯ ಮೇಲೆ ನಮ್ಮ ಇಡೀ ಬಸ್ಸಿನ ಜನ, ಅವರ ನಡುವೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಚಾಚಿ ದೂರದ ಗುಡ್ಡಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಆ ಗುಡ್ಡಗಳನ್ನು ಅವರೂ ಅದೇ ಮೊದಲು ನೋಡುತ್ತಿದ್ದುದು.

ತೋಟದಿಂದ ವಾಪಸು ಬರುವಾಗ ಅತ್ತೆ ನನಗೆ ಎರಡು ಲವಂಗ ಕೊಟ್ಟು ಹಿಂದಿನ ಸೀಟಿಗೆ ಕಳಿಸಿದರು. ಗೇಟು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರದೇ ಕೂಗು: "ಏ, ಬಾ ಇಲ್ಲಿ. ಆ ಕಡೆ ಮುಖ ಮಾಡ್ಕಂಡು ಉಸಿರಾಡು, ಆದ್ರೆ ಈ ಕಡೆ ನೋಡು. ಹೆಂಗೈತೆ ನೋಡು ಗುಡ್ಡ!"

ಭಾನುವಳ್ಳಿಗೆ ಅವರು ಪ್ರಸಾದ ಕಳಿಸಿದರು. "ನಮ್ ಸೊಸೆಗೆ ಭಾಳ ಭಕ್ತಿ," ಎಂದು ಈಗಲೂ ಫೋನಿನಲ್ಲಿ ಹೇಳುತ್ತಾರೆ, ಹೇಳುವಾಗ ನನ್ನ ಕಡೆ ನೋಡುವುದಿಲ್ಲ. ಬಳ್ಳಿಯ ಸಾಲಿನಲ್ಲಿ ನಡೆದ ಮಾತು ತೆಗೆದರೆ, "ನಾನೆಲ್ಲಿ ಹಂಗಂದೆ?" ಎನ್ನುತ್ತಾರೆ. ಆ ಪ್ರವಾಸದಿಂದ ಬಂದ ದಿನ ನಾನು ಕೂತ ಕುರ್ಚಿಯನ್ನು ಅವರು ತೊಳೆಯಲಿಲ್ಲ. ನಾನು ಕಾಲೇಜಿಗೆ ಹೋದ ಮೇಲೆ ತೊಳೆದರೋ ಏನೋ, ಕೇಳಲು ಹೋಗಿಲ್ಲ.

ಈಗ ರಜೆ ಸಿಕ್ಕಾಗಲೆಲ್ಲ ನಾನೂ ಅತ್ತೆಯೂ ಯಾವುದಾದರೂ ಬಸ್ಸು ಹತ್ತುತ್ತೇವೆ, ಅಗ್ಗದ್ದು, ಎಲ್ಲಿಗಾದರೂ ಹೋಗುವಂಥದ್ದು. ಕಿಟಕಿ ಪಕ್ಕ ಯಾರಾದರೂ ಮೊದಲೇ ಕೂತಿದ್ದರೆ ಅತ್ತೆ ಬಾಯಿಗೆ ಸೆರಗು ಹಿಡಿದು, "ನನಗೆ ವಾಂತಿ ಬರತೈತ್ರಿ," ಎನ್ನುತ್ತಾರೆ. ಸೀಟಿನಲ್ಲಿ ಕೂತವರು ಅನುಮಾನದಿಂದ ನನ್ನ ಮುಖ ನೋಡುತ್ತಾರೆ. ಇತಿಹಾಸ ಪಾಠ ಮಾಡುವ ನಾನು ಸ್ವಲ್ಪವೂ ಅಳುಕದೆ ಸಾಕ್ಷಿ ಹೇಳುತ್ತೇನೆ: "ಹೌದ್ರಿ, ಪಾಪ, ತುಂಬಾ ಆಗುತ್ತೆ."